ಪಿನ್ನಿಗೆ ಸಿಕ್ಕಿಸಿದ ಖಾಲಿ ಪಟ್ಟಿಗಳು

೬ ಜನವರಿ ೨೦೨೫, ಸೋಮವಾರ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ. ಕೊಟ್ಟವಳು ನಮ್ಮ ಯಳವತ್ತಿಯ ಆರೋಗ್ಯ ಉಪಕೇಂದ್ರದ ಕಾವೇರಿ ಸಿಸ್ಟರ್. ನನ್ನ ಬಿ.ಪಿ. ಮೇಲೆ ನೂರಾ ಎಪ್ಪತ್ತು, ಕೆಳಗೆ ನೂರು ಬಂತಂತೆ.

"ದಿನಾ ನೋಡಿಸ್ಕೊಂಡು ಈ ವಹಿಯೊಳಗ ಬರೀರಿ ಕಾಕಾ. ಗುಳಿಗಿ ತಗೊಂಡ್ರೋ ಇಲ್ಲೋ, ಸಿಟ್ಟು ಬಂತೋ ಇಲ್ಲೋ, ಎಲ್ಲಾ ಬರೀರಿ."

"ಸಿಟ್ಟು ಬರಲಾರದ ದಿನಾ ಯಾವ್ದೈತಿ?"

"ಹಂಗಾದ್ರ ಒಂದ ದಿನಾನೂ ಬಿಡಬ್ಯಾಡ್ರಿ."

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಲಕ್ಷ್ಮೇಶ್ವರದ ಹೋಟೆಲಿನಲ್ಲಿ ದಿನಾ ಪೇಪರ್ ಓದುತ್ತೇನೆ, ಅದು ಬೇರೆ. ಓದುವುದು ಎಂದರೆ ಬೇರೆಯವರ ಉಸಾಬರಿ ನೋಡುವುದು. ಬರೆಯುವುದು ಎಂದರೆ ನಮ್ಮದನ್ನು ನಾವೇ ನೋಡುವುದು, ಅದು ಯಾರಿಗೆ ಬೇಕು. ಅವಳ ಅಂಕಿಗಳನ್ನು ವಹಿಯ ಮುಂದಿನಿಂದ ಬರೆಯುತ್ತೇನೆ. ಸಿಟ್ಟಿನದನ್ನು ಹಿಂದಿನಿಂದ. ಹಿಂದಿನದನ್ನು ಅವಳಿಗೆ ತೋರಿಸುವುದಿಲ್ಲ.

ಈಗ ಬರೆಯಲು ಇರುವುದಾದರೂ ಏನು. ಬೆಳಿಗ್ಗೆ ಏಳರ ಬಸ್ಸಿಗೆ ಎರಡು ಕ್ಯಾನು ಹಾಲು ಲಕ್ಷ್ಮೇಶ್ವರಕ್ಕೆ ಒಯ್ದೆ. ಹನ್ನೊಂದಕ್ಕೆ ಖಾಲಿ ಕ್ಯಾನು, ತುಂಬಿದ ಕಿಸೆ. ಮೂವತ್ತು ವರ್ಷದಿಂದ ಇಷ್ಟೇ.

ಕಿಸೆ ತುಂಬುವುದು ಗುಳಿಗೆಯಿಂದ. ನಮ್ಮ ಊರಲ್ಲಿ ಔಷಧದ ಅಂಗಡಿ ಇಲ್ಲ. ಗುಳಿಗೆ ತೀರಿದವರು ಖಾಲಿಯಾದ ಬೆಳ್ಳಿಹಾಳೆಯ ಪಟ್ಟಿಯನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಅಂಗಿಯ ಒಳಗಡೆ ಒಂದು ದೊಡ್ಡ ಪಿನ್ನು ಇಟ್ಟಿದ್ದೇನೆ, ಅದಕ್ಕೆ ಸಿಕ್ಕಿಸುತ್ತೇನೆ. ಅಂಗಡಿಯಲ್ಲಿ ಬಿಚ್ಚಿ ಹರವಿದರೆ ಅವರು ನೋಡಿ ಅಂಥದೇ ತುಂಬಿದ ಪಟ್ಟಿ ಕೊಡುತ್ತಾರೆ. ಇಂಗ್ಲಿಷ್ ಹೆಸರು ನನಗೆ ಬೇಕಾಗಿಲ್ಲ. ಯಾರ ಮನೆಯದು ಎಂದು ಮಡಿಕೆ ನೋಡಿದರೆ ಗೊತ್ತು. ಖಾಜಾಸಾಬನದು ಉದ್ದಕ್ಕೆ ಸುರುಳಿ. ಬಡಿಗೇರ ಮನೆಯದು ನಡುವೆ ಒಂದು ಮಡಿಕೆ. ನನ್ನ ತಂಗಿ ಕಳಕವ್ವನದು ಒಂದು ಮೂಲೆ ಹರಿದದ್ದು. ನನ್ನದೂ ಸೇರಿ ಈಗ ಒಟ್ಟು ಹದಿನಾಲ್ಕು ಮನೆ. ಒಮ್ಮೆಯೂ ಅದಲು ಬದಲಾಗಿಲ್ಲ.

ಬಸ್ಸಿನ ಕಂಡಕ್ಟರ್ ಸಮೀವುಲ್ಲಾ ನಾನು ಹತ್ತುವಾಗ ಕೂಗುತ್ತಾನೆ, "ಡಾಕ್ಟರ್ ಸಕ್ರಪ್ಪಾರು ಬಂದ್ರು, ಜಾಗಾ ಬಿಡ್ರಿ." ಜನ ನಗುತ್ತಾರೆ, ಆದರೂ ಜಾಗ ಬಿಡುತ್ತಾರೆ.

ಕಳಕವ್ವನನ್ನು ನೋಡಿದರೆ ನನಗೆ ಹೆಮ್ಮೆ. ಎರಡು ವರ್ಷದ ಹಿಂದೆ ಮೊಣಕಾಲು ನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದಳು. ಗದಗದ ಡಾಕ್ಟರೊಬ್ಬರು ಹದಿನೈದು ದಿನಕ್ಕೆ ಎಂದು ಬಿಳಿ ಗುಳಿಗೆ ಬರೆದಿದ್ದರು. ಅದಕ್ಕೇ ಗುಣವಾಯಿತು. ಗುಣವಾದದ್ದನ್ನು ಬಿಡುವುದೇಕೆ ಎಂದು ನಾನೇ ತರುತ್ತ ಹೋದೆ. ಈಗ ಹೊಲಕ್ಕೆ ಹೋಗುತ್ತಾಳೆ, ಎರಡು ರೊಟ್ಟಿ ತಿನ್ನುವವಳು ನಾಲ್ಕು ತಿನ್ನುತ್ತಾಳೆ, ಮುಖ ತುಂಬಿ ದುಂಡಗಾಗಿದೆ.

೯ ಜನವರಿ, ಗುರುವಾರ

ಬಿ.ಪಿ. ನೋಡಿಸಿಲ್ಲ. ನೋಡಿಸಿದ್ದರೆ ಅವಳ ಯಂತ್ರ ಒಡೆಯುತ್ತಿತ್ತು.

ಔಷಧದ ಅಂಗಡಿಯ ಮಾಲೀಕರು ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿದ್ದಾರೆ. ಅವರ ಜಾಗದಲ್ಲಿ ಜಾಹ್ನವಿ ಎಂಬ ಹುಡುಗಿ, ವೆಂಕಟೇಶ ಮಾಸ್ತರರ ಮಗಳು. ಔಷಧದ್ದೇ ಕಲಿತಿದ್ದಾಳೆ, ಗೋಡೆಯ ಮೇಲೆ ಅವಳ ಸರ್ಟಿಫಿಕೇಟು ತೂಗುಹಾಕಿದೆ. ನಾನು ಪಿನ್ನು ಬಿಚ್ಚಿ ಹದಿನಾಲ್ಕೂ ಹರವಿದೆ. ಅವಳು ಒಂದೊಂದನ್ನೇ ಎತ್ತಿ ನೋಡಿದಳು. ಮಾಲೀಕರು ಹಾಗೆ ಎಂದೂ ನೋಡಿದವರಲ್ಲ.

"ಇವೆರಡು ಕೊಡ್ತೀನಿ ಅಜ್ಜಾ. ಉಳಿದ ಹನ್ನೆರಡಕ್ಕ ಡಾಕ್ಟರ್ ಚೀಟಿ ಬೇಕು."

"ಚೀಟಿ ಯಾಕ? ಪಟ್ಟಿನ ಚೀಟಿ."

"ಇಲ್ಲೆ ಬಾಜೂಕ ಕೆಂಪು ಗೆರಿ ಅದ ನೋಡ್ರಿ. ಡಾಕ್ಟರ್ ಬರದು ಕೊಟ್ರಷ್ಟ ಮಾರಬೇಕು ಅಂತ ಸರ್ಕಾರದ ಕಾಯದೆ ಅದ."

"ಹ್ವಾದ ವಾರ ಈ ಗೆರಿ ಇರಲಿಲ್ಲೇನು?"

"ಇತ್ತು. ನಾ ಇರಲಿಲ್ಲ."

ಹಿಂದೆ ನಿಂತವರು ಐದಾರು ಜನ ನಕ್ಕರು. ಅದರಲ್ಲಿ ಒಬ್ಬ ನಾನು ಹಾಲು ಹಾಕುವ ಹೋಟೆಲಿನವನು.

ನಾನು ಬಿಡಲಿಲ್ಲ. "ನಿಮ್ಮಪ್ಪ ನಾ ತಂದ ಹಾಲು ಕುಡದು ಮಾಸ್ತರ ಆದಾಂವ. ನೀ ಬಂದು ನನಗ ಕಾಯದೆ ಕುಡಸ್ತೀಯೇನು? ಪುಸ್ತಕಾ ಓದಿ ಕುರ್ಚಿ ಮ್ಯಾಲೆ ಕುಂತಾಕಿಗೆ ಊರ ಮಂದಿ ಮೊಳಕಾಲ ನೋವು ಏನ್ ಗೊತ್ತೈತಿ?" ಇನ್ನೂ ಎರಡು ಮಾತು ಅಂದೆ, ಬರೆಯುವಂಥವಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಆದರೆ ಗುಳಿಗೆ ಕೊಡಲಿಲ್ಲ. ಪಟ್ಟಿಗಳನ್ನು ಬಾಚಿಕೊಂಡು ಕಟ್ಟೆ ಇಳಿದೆ. ಬೆನ್ನ ಹಿಂದಿನಿಂದ ಏನೋ ಕೂಗಿ ಹೇಳಿದಳು. ಟ್ರ್ಯಾಕ್ಟರ್ ಹೋಗುತ್ತಿತ್ತು, ಕೇಳಿಸಲಿಲ್ಲ.

ಸರ್ಕಾರಕ್ಕೆ ಬೇಡವಾದರೆ ನನಗೂ ಬೇಡ. ಪಿನ್ನನ್ನು ಮನೆಯ ಗೂಟಕ್ಕೆ ತೂಗುಹಾಕಿದ್ದೇನೆ.

೧೦ ಜನವರಿ, ಶುಕ್ರವಾರ

ಎಲ್ಲರ ಮನೆಗೂ ಒಂದೇ ಮಾತು ಹೇಳಿದೆ, ಮಾಲು ಬಂದಿಲ್ಲ. ಒಬ್ಬ ಹುಡುಗಿ ನನ್ನನ್ನು ಹತ್ತು ಜನರ ಮುಂದೆ ವಾಪಸು ಕಳಿಸಿದಳು ಎಂದು ಯಾರ ಮುಂದೆ ಹೇಳಲಿ.

ಕಳಕವ್ವನ ಮನೆಯಲ್ಲಿ ಸೊಸೆ ಭಾಗ್ಯಾ ಇದ್ದಳು. ಅತ್ತೆಗೆ ಗುಳಿಗೆ ಕೊಡುವವಳು ಅವಳೇ. "ಒಂದs ಉಳದೈತಿ ಮಾವಾರ. ಯಾವಾಗ ಬರತಾವು?" ಅಂದಳು. ಬಂದಾಗ ಬರುತ್ತವೆ ಅಂದೆ.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಮಗ ಹೊನ್ನೇಶ ಎತ್ತುಗಳ ಮೈತೊಳೆದು ತಂದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೊಡಲು ಕಳಕವ್ವನ ಮನೆಗೆ ಹೋದೆ. ಅವಳು ಮಲಗಿದ್ದಳು. ಹಬ್ಬದ ದಿನ ಅವಳು ಮಲಗಿದ್ದನ್ನು ನಾನು ನೋಡಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಉಗುಳಿದಳು.

ಭಾಗ್ಯಾ ನನ್ನ ಹಿಂದೆ ಬಾಗಿಲವರೆಗೆ ಬಂದಳು.

"ಮಾವಾರ, ಮೂರು ದಿನಾ ಆತು ಗುಳಿಗಿ ಇಲ್ಲ. ಅತ್ತಿಗೆ ಎದ್ದು ನಿಂದ್ರಾಕ ಆಗವಲ್ದು. ನಾನs ಲಕ್ಷ್ಮೇಶ್ವರಕ್ಕ ಹೋಗಿ ನೋಡಿ ಬರ್ಲೇನು?"

"ನೀ ಹ್ವಾದ್ರ ಹುಟ್ಟತಾವೇನು? ಎಲ್ಲೂ ಇಲ್ಲ. ಗದಗಿನ್ಯಾಗೂ ಇಲ್ಲ."

"ಡಾಕ್ಟರಿಗೆ ತೋರಿಸಿದ್ರ?"

"ತಂಡಿ ಆಗೈತಿ ಆಕಿಗೆ. ಕಷಾಯ ಕೊಡು."

ಅವಳು ತಲೆ ಆಡಿಸಿ ಒಳಗೆ ಹೋದಳು. ನನ್ನ ಮಾತು ಮೀರುವವಳಲ್ಲ.

೧೭ ಜನವರಿ, ಶುಕ್ರವಾರ

ಕಳಕವ್ವ ಹಿತ್ತಲಲ್ಲಿ ಬಿದ್ದಳು. ವಾಂತಿ. ಮೈ ತಣ್ಣಗೆ. ಕಾವೇರಿ ಸಿಸ್ಟರ್ ಬಂದು ಬಿ.ಪಿ. ಯಂತ್ರಕ್ಕೆ ಹತ್ತುತ್ತಲೇ ಇಲ್ಲ ಅಂದಳು. ಗದಗಕ್ಕೆ ಒಯ್ದರು.

೧೯ ಜನವರಿ, ಭಾನುವಾರ

ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ.

ಹತ್ತು ಮಂಚದ ಕೋಣೆ. ಕಳಕವ್ವನ ಮಗ ಮಾಂತೇಶ ತಲೆಯ ಕಡೆ, ಭಾಗ್ಯಾ ಕಾಲಿನ ಕಡೆ, ನಾನು ಕಿಟಕಿಯ ಹತ್ತಿರ. ಡಾಕ್ಟರ್ ಶಾಂಭವಿ ಎಂಬ ಹೆಣ್ಣುಮಗಳು ಬಂದಳು. ಖಾಲಿ ಪಟ್ಟಿ ಒಂದು ಅವಳ ಕೈಯಲ್ಲಿತ್ತು, ಭಾಗ್ಯಾ ಮನೆಯಿಂದ ತಂದುಕೊಟ್ಟದ್ದು.

"ಇದು ಎಷ್ಟು ದಿನದಿಂದ ತಗೊಳ್ಳಾಕತ್ತಾರ?"

"ಎರಡು ವರ್ಷದಿಂದ" ಅಂದ ಮಾಂತೇಶ.

ಡಾಕ್ಟರ್ ಪಟ್ಟಿಯನ್ನು ತಿರುಗಿಸಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಅದು ಸ್ಟಿರಾಯ್ಡ್ ಗುಳಿಗೆಯಂತೆ. ನೋವು ಬೇಗ ಇಳಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಮುಖ ದುಂಡಗಾಗುತ್ತದೆ. ಅದು ಗುಣವಲ್ಲ, ಬಾವು. ಸಕ್ಕರೆ ಕಾಯಿಲೆಯೂ ಅದರಿಂದಲೇ ಸೇರಿದೆ. ವರ್ಷಗಟ್ಟಲೆ ಹೊರಗಿನಿಂದ ಸಿಕ್ಕರೆ, ದೇಹ ತನಗೆ ಬೇಕಾದ್ದನ್ನು ತಾನು ಮಾಡಿಕೊಳ್ಳುವುದನ್ನು ಮರೆಯುತ್ತದೆ. ಆಗ ಒಮ್ಮೆಲೇ ನಿಲ್ಲಿಸಿದರೆ ಮನುಷ್ಯ ಬೀಳುತ್ತಾನೆ. ಇನ್ನು ಅರ್ಧ ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ.

"ಒಂದs ಸಲಕ್ಕ ನಿಲ್ಲಿಸಿದ್ದು ಯಾರು?"

ಎಲ್ಲರೂ ಭಾಗ್ಯಾಳ ಮುಖ ನೋಡಿದರು. ಗುಳಿಗೆ ಕೊಡುತ್ತಿದ್ದವಳು ಅವಳಲ್ಲವೇ.

"ತೀರಿದ್ವು ರೀ. ಸಿಗವಲ್ವು ಅಂತ..." ಎಂದು ಭಾಗ್ಯಾ ಶುರುಮಾಡಿದಳು.

ಮಾಂತೇಶ ಪೂರ್ತಿ ಹೇಳಗೊಡಲಿಲ್ಲ. "ತೀರಿದ್ರ ಬಾಯಿ ಇರಲಿಲ್ಲೇನು ನಿನಗ? ವಾರಗಟ್ಟಲೆ ಸುಮ್ನ ಕುಂತಿ. ನಮ್ಮವ್ವ ಸಾಯಲಿ ಅಂತ ಕಾದಿದ್ದೇನು?" ಹತ್ತು ಮಂಚದವರೂ ಕತ್ತು ತಿರುಗಿಸಿದರು. ಕಳಕವ್ವ ಕಣ್ಣು ಮುಚ್ಚಿಕೊಂಡೇ, "ಕೊಡ್ಲಿಲ್ಲ ಆಕಿ" ಅಂದಳು.

ಭಾಗ್ಯಾ ನನ್ನ ಕಡೆ ನೋಡಿದಳು ಎಂದು ಕಾಣುತ್ತದೆ. ನನಗೆ ಖಚಿತವಿಲ್ಲ.

ಡಾಕ್ಟರ್ ನನ್ನದೂ ಬಿ.ಪಿ. ನೋಡಿದಳು. ನೂರಾ ತೊಂಬತ್ತು. ಹೆದರಬೇಡಿ ಅಜ್ಜ, ತಂಗಿ ಉಳಿದಿದ್ದಾರೆ ಎಂದು ನನ್ನ ಕೈ ತಟ್ಟಿದಳು.

೨೧ ಜನವರಿ, ಮಂಗಳವಾರ

ಭಾಗ್ಯಾಳ ಅಣ್ಣ ಮುಂಡರಗಿಯಿಂದ ಬಂದು ಅವಳನ್ನು ಕರೆದುಕೊಂಡು ಹೋದ. ಅವ್ವ ಮನೆಗೆ ಬರುವತನಕ ನೀನು ಇಲ್ಲಿರಬೇಡ ಎಂದು ಮಾಂತೇಶ ಹೇಳಿದ್ದನಂತೆ. ನಾನು ಹಾಲಿನ ಕ್ಯಾನು ತೊಳೆಯುತ್ತಿದ್ದೆ. ಅವಳು ನಮ್ಮ ಬಾಗಿಲ ಮುಂದೆಯೇ ಹೋದಳು. ಕ್ಯಾನು ತೊಳೆದದ್ದನ್ನೇ ಮತ್ತೆ ತೊಳೆದೆ.

೨೨ ಜನವರಿ, ಬುಧವಾರ

ಬಿ.ಪಿ. ೧೮೦/೧೧೦. ಸಿಸ್ಟರ್ ಕೊಟ್ಟ ಗುಳಿಗೆ ತಗೊಂಡೆ. ಸಿಟ್ಟು ಬರಲಿಲ್ಲ.

೨೪ ಜನವರಿ, ಶುಕ್ರವಾರ

ಇವತ್ತು ಸಿಟ್ಟು ಬಂತು, ಯಾರ ಮೇಲೆ ಎಂದೂ ತಿಳಿಯಿತು. ಕಳಕವ್ವನ ಹರಿದ ಮೂಲೆಯ ಪಟ್ಟಿಯನ್ನು ಗೂಟದಿಂದ ಇಳಿಸಿ ಬಿಸಿಲಿಗೆ ಹಿಡಿದು ನೋಡಿದೆ. ಕೆಂಪು ಗೆರೆ ಇದೆ. ಅದರ ಪಕ್ಕ ಇರುವೆ ಹೋದಂತೆ ಅಕ್ಷರ, ಎಲ್ಲ ಇಂಗ್ಲಿಷ್. ಇದನ್ನು ತಿನ್ನುವವರು ಯಳವತ್ತಿಯವರು, ಬರೆದದ್ದು ಯಾವ ಊರಿನವರಿಗೆ. ಗದಗದ ಔಷಧ ಆಫೀಸಿಗೆ ಒಂದು ಅರ್ಜಿ ಬರೆದೆ:

"ಮಾನ್ಯರೇ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಗುಳಿಗೆಗೆ ನೀವು ಕೆಂಪು ಗೆರೆ ಎಳೆದಿದ್ದೀರಿ. ಅದರ ಅರ್ಥವನ್ನು ಕನ್ನಡದಲ್ಲಿ ಬರೆದಿಲ್ಲ. ಬರೆಯದ ಕಾರಣ ನನ್ನ ತಂಗಿ ಸಾಯುವ ಸ್ಥಿತಿಗೆ ಬಂದಳು. ಇದಕ್ಕೆ ಯಾರು ಜವಾಬ್ದಾರಿ ಎಂದು ತಿಳಿಸಬೇಕು."

ಬರೆದ ಮೇಲೆ ಹಗುರವಾಯಿತು. ಎರಡು ರೊಟ್ಟಿ ಉಂಡೆ.

೨೫ ಜನವರಿ, ಶನಿವಾರ

ಅರ್ಜಿಗೆ ಆಫೀಸಿನ ವಿಳಾಸ ಬೇಕಾಗಿತ್ತು. ಅದನ್ನು ಬಲ್ಲವಳು ಆ ಹುಡುಗಿ ಒಬ್ಬಳೇ. ಜನ ಇಲ್ಲದ ಹೊತ್ತು ನೋಡಿ ಹೋದೆ. ನನ್ನನ್ನು ಕಂಡು ಎದ್ದು ನಿಂತಳು. ಕೂರು ಅಂದೆ. ಅವಳ ಅಂಗಡಿ, ನಾನು ಕೂರು ಅಂದೆ.

ಅರ್ಜಿ ಓದಿದಳು. ಆಮೇಲೆ, "ಆ ಪಟ್ಟಿ ಅದಾವೇನ್ರಿ?" ಅಂದಳು. ಪಿನ್ನು ಬಿಚ್ಚಿ ಕೊಟ್ಟೆ. ಹದಿನಾಲ್ಕನ್ನೂ ಮೂರು ಗುಂಪು ಮಾಡಿ ಇಟ್ಟಳು.

"ಇವೆರಡು ಜ್ವರದ್ದು, ಅಜೀರ್ಣದ್ದು. ಯಾರು ಕೇಳಿದ್ರೂ ಕೊಡಬಹುದು. ಈ ಒಂಬತ್ತು ಚೀಟಿ ಇದ್ರಷ್ಟ. ಇವು ಮೂರು ಇನ್ನೂ ಬಿಗಿ. ಚೀಟಿನೂ ಬೇಕು, ತಗೊಂಡವರ ಹೆಸರು, ಬರದ ಡಾಕ್ಟರ್ ಹೆಸರು ವಹಿಯೊಳಗ ಬರದು ಮೂರು ವರ್ಷ ಆ ವಹಿ ಜೋಪಾನ ಇಡಬೇಕು."

ಮೂರರಲ್ಲಿ ಒಂದು ಸುರುಳಿ ಸುತ್ತಿದ್ದು, ಖಾಜಾಸಾಬನದು. ನಿದ್ದೆಯ ಗುಳಿಗೆಯಂತೆ. ಅದು ಕೈಕಾಲು ನಡುಕಕ್ಕೆ ಎಂದು ತಿಳಿದಿದ್ದೆ. ಒಂಬತ್ತರಲ್ಲಿ ನನ್ನದೇ ಬಿ.ಪಿ. ಗುಳಿಗೆಯೂ ಇತ್ತು.

"ಈ ಪಾಲು ಮಾಡಿದವರು ಯಾರು?"

"ದಿಲ್ಲಿಯೊಳಗ ಡಾಕ್ಟರು, ದೊಡ್ಡ ಆಫೀಸರು ಕೂತು ಮಾಡ್ತಾರ ಅಜ್ಜಾ. ಯಾವುದು ಮನಿಷಾ ತಾನs ತಿಳದು ತಗೋಬಹುದು, ಯಾವುದು ತಗೊಂಡ್ರ ಯಾರರೆ ನೋಡ್ಕೋತ ಇರಬೇಕು ಅಂತ. ಅಷ್ಟ ಲೆಕ್ಕ. ಕೆಂಪು ಗೆರಿ ಅಂದ್ರ ಗುಳಿಗಿ ಕೆಟ್ಟದ್ದು ಅಂತ ಅಲ್ಲ. ಒಬ್ಬರು ನೋಡ್ಕೋತ ಇರಬೇಕು ಅಂತ."

ಎರಡು ವರ್ಷ ಕಳಕವ್ವನನ್ನು ನಾನು ನೋಡುತ್ತಲೇ ಇದ್ದೆ. ಮುಖ ತುಂಬಿದೆ ಎಂದು ಹೆಮ್ಮೆ ಪಡುತ್ತಿದ್ದೆ.

"ಕನ್ನಡದಾಗ ಬರೀಲಾರದ್ದು ಖರೇನs ತಪ್ಪದ. ಅರ್ಜಿ ಕಳಸ್ರಿ, ವಿಳಾಸ ನಾ ಬರದು ಕೊಡ್ತೀನಿ" ಅಂದಳು ಜಾಹ್ನವಿ. "ಆದ್ರ ನಿಮ್ಮ ತಂಗೀದೊಂದು ಸಾಲು ಅದ ಅಲ್ಲ, ಅದನ್ನ ತಗೀರಿ."

"ಯಾಕ?"

ಪಟ್ಟಿಗಳನ್ನು ಮತ್ತೆ ಪಿನ್ನಿಗೆ ಸಿಕ್ಕಿಸುತ್ತ ಕುಳಿತಳು, ನಾನು ಸಿಕ್ಕಿಸುವ ಕ್ರಮದಲ್ಲೇ. ಯಾಕೆ ಎಂದು ಅವಳು ಹೇಳಿದ್ದರೆ ಜಗಳ ಮಾಡಬಹುದಿತ್ತು.

ಒಂಬತ್ತನೇ ತಾರೀಖಿನ ಪುಟದಲ್ಲಿ ಕೇಳಿಸಲಿಲ್ಲ ಎಂದು ಬರೆದಿದ್ದೇನೆ. ಕೇಳಿಸಿತ್ತು. ಟ್ರ್ಯಾಕ್ಟರ್ ಆಗಲೇ ದಾಟಿ ಹೋಗಿತ್ತು. ಅವಳು ಕೂಗಿದ್ದು ಇದು: "ಅಜ್ಜಾ, ಆ ಬಿಳಿ ಗುಳಿಗಿ ಒಮ್ಮಿಗೇ ಬಿಡಸಬ್ಯಾಡ್ರಿ, ಜೀವಕ್ಕ ಅಪಾಯ ಅದ. ಇವತ್ತs ಡಾಕ್ಟರ ಕಡೆ ಕರಕೊಂಡು ಹೋಗ್ರಿ, ನಾ ಫೋನ್ ಮಾಡಿ ಹೇಳ್ತೀನಿ." ಇಂಗ್ಲಿಷಿನಲ್ಲಲ್ಲ. ಕನ್ನಡದಲ್ಲಿ, ಬೀದಿಗೆಲ್ಲ ಕೇಳುವಂತೆ, ನಾನು ಬೈದು ಅಳಿಸಿದ ಮೇಲೂ.

ಯಾರೂ ಓದದ ವಹಿಯಲ್ಲೂ ಸುಳ್ಳು ಬರೆದಿದ್ದೇನೆ. ಇಂಥ ಮನುಷ್ಯ ಆಸ್ಪತ್ರೆಯಲ್ಲಿ ಬಾಯಿ ಬಿಡದಿದ್ದದ್ದರಲ್ಲಿ ಆಶ್ಚರ್ಯ ಏನಿದೆ.

೨೮ ಜನವರಿ, ಮಂಗಳವಾರ

ಹಾಲನ್ನು ಹೊನ್ನೇಶನ ಕೈಯಲ್ಲಿ ಕಳಿಸಿ ಗದಗದ ಬಸ್ಸು ಹತ್ತಿದೆ. ಸಮೀವುಲ್ಲಾ ಇವತ್ತು ಆ ಕಡೆಯ ಡ್ಯೂಟಿ. "ಏನ್ ಡಾಕ್ಟರ, ಕ್ಯಾನ್ ಇಲ್ಲ, ಗುಳಿಗಿ ಇಲ್ಲ, ದವಾಖಾನಿ ಬಂದ್ ಮಾಡಿದ್ರೇನು?" ಅಂದ.

"ಆ ಹೆಸರ್ಲೆ ಇನ್ನೊಮ್ಮೆ ಕರೀಬ್ಯಾಡ."

ಅವನು ನನ್ನ ಮುಖ ನೋಡಿ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಮಾಗಡಿ ಕೆರೆಯಲ್ಲಿ ಹಕ್ಕಿ ಬಹಳ ಕೂತಿದ್ದವು. ಪಕ್ಕದಲ್ಲಿದ್ದವನು ಅವು ಶೇಂಗಾ ಹೊಲ ಹಾಳು ಮಾಡುವುದನ್ನು ಹೇಳುತ್ತಲೇ ಇದ್ದ. ನಾನು ಆಡಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಜೋಡಿಸಿದ್ದೆಲ್ಲ ಮಂಚದ ಹತ್ತಿರ ಹೋಗುವಷ್ಟರಲ್ಲಿ ಕಳಚಿ ಬಿತ್ತು.

ಕಳಕವ್ವ ಕೂತು ಗಂಜಿ ಕುಡಿಯುತ್ತಿದ್ದಳು. ಹೇಳಿದೆ. ಮಾಲು ಇತ್ತು, ನಾನು ಸುಳ್ಳು ಹೇಳಿದೆ. ಬಿಡಿಸಬೇಡಿ ಎಂದು ಹುಡುಗಿ ಕೂಗಿ ಹೇಳಿದ್ದಳು, ಕೇಳಿಯೂ ಬಂದೆ. ಭಾಗ್ಯಾ ಲಕ್ಷ್ಮೇಶ್ವರಕ್ಕೆ ಹೋಗುತ್ತೇನೆ ಅಂದಳು, ಡಾಕ್ಟರಿಗೆ ತೋರಿಸೋಣ ಅಂದಳು, ನಾನೇ ತಡೆದೆ.

ಅವಳು ಬಟ್ಟಲನ್ನು ಕೆಳಗಿಟ್ಟಳು.

"ಯಾಕ?"

"ಅಂಗಡ್ಯಾಗ ಮಂದಿ ನಕ್ಕರು."

"ಮಂದಿ ನಕ್ಕರು ಅಂತ ನನ್ನ ಸಾಯಾಕ ಬಿಟ್ಟಿ."

ಅದು ಪ್ರಶ್ನೆಯಾಗಿರಲಿಲ್ಲ. ಬಟ್ಟಲನ್ನು ದೂರ ಸರಿಸಿ ಅವಳೇ ಅಂದಳು, "ನಾನೂ ಆಕಿ ಮ್ಯಾಲೆ ಹೇಳಿದ್ನಲ್ಲೋ ಅಣ್ಣಾ. ಕೊಡ್ಲಿಲ್ಲ ಆಕಿ ಅಂದೆ. ನನ್ನ ಕಾಲು ಒತ್ತಾಕಿ ಆಕಿ." ಆಮೇಲೆ ಗೋಡೆಯ ಕಡೆ ಹೊರಳಿದಳು. "ನನ್ನ ಮುಂದ ಯಾಕ ಬಂದಿ? ಮುಂಡರಗಿಗೆ ಹೋಗು."

೩೦ ಜನವರಿ, ಗುರುವಾರ

ಮಾಂತೇಶನಿಗೆ ಹೇಳಿದೆ. ಅವನು ಕಡಲೆ ಹೊಲದಲ್ಲಿದ್ದ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಬದುವಿನ ಮೇಲೆ ಕುಳಿತು, "ಹತ್ತು ಮಂಚದ ಮಂದಿ ಮುಂದ ಅಂದ್ನಲ್ಲೋ ಮಾವಾ" ಎಂದು ಎರಡು ಸಲ ಹೇಳಿದ. ಅವನನ್ನು ಹಾಗೆಯೇ ಬಿಟ್ಟು ಬಂದೆ. ಹೊಡೆದಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನ ಕಾವೇರಿ ಸಿಸ್ಟರನ್ನು ಕರೆದುಕೊಂಡು ಪಟ್ಟಿ ಕೊಟ್ಟಿದ್ದ ಉಳಿದ ಮನೆಗಳಿಗೂ ಹೋದೆ. ಮಾಲು ಬಂದಿಲ್ಲ ಅಂದದ್ದು ಸುಳ್ಳು, ಇದಕ್ಕೆ ಡಾಕ್ಟರ್ ಚೀಟಿ ಬೇಕು, ತಾವೇ ಬಿಡಬಾರದು, ತಾವೇ ಹಿಡಿಯಲೂಬಾರದು ಎಂದು ಹೇಳಿದೆ. ಬಡಿಗೇರ ಮನೆಯ ಮುದುಕಿ, "ಇಷ್ಟ ದಿನಾ ಕೊಟ್ಟಾಗ ಶ್ಯಾಣ್ಯಾ ಇದ್ದಿ, ಈಗ ಇನ್ನೂ ಶ್ಯಾಣ್ಯಾ ಆದಿ" ಅಂದಳು. ಖಾಜಾಸಾಬ ಸುರುಳಿ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಗಿಲು ಹಾಕಿದ. ಸಂಜೆ ಅವನೇ ಉಪಕೇಂದ್ರದ ಕಟ್ಟೆಯ ಮೇಲೆ ಕೂತಿದ್ದನ್ನು ನೋಡಿದೆ.

ತಂಗಿಯ ಸಾಲು ತೆಗೆದು ಅರ್ಜಿಯನ್ನು ಟಪಾಲಿಗೆ ಹಾಕಿದೆ.

೩ ಫೆಬ್ರವರಿ, ಸೋಮವಾರ

ಮುಂಡರಗಿಗೆ ಹೋಗಿ ಬಂದೆ. ನಾಲ್ಕು ದಿನ ಏನೇನೋ ನೆಪ ಸಿಕ್ಕಿದ್ದವು, ಅವನ್ನು ಬರೆಯುವುದಿಲ್ಲ.

ಭಾಗ್ಯಾ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಬನ್ನಿ ಅನ್ನಲಿಲ್ಲ. ನೀರು ತಂದುಕೊಟ್ಟಳು, ಮತ್ತೆ ಮೊರ ಹಿಡಿದಳು. ನಾನು ನಿಂತೇ ಎಲ್ಲ ಹೇಳಿದೆ. ಕಳಕವ್ವನಿಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಮುಗಿಯಿತು. ಅವಳಿಗೆ ಅರ್ಧ ಗೊತ್ತೇ ಇತ್ತು.

"ಆವತ್ತ ಡಾಕ್ಟರಬಾಯಾರು ಕೇಳ್ದಾಗ ಎಲ್ಲಾರೂ ನನ್ನ ಮಾರಿ ನೋಡಿದ್ರು" ಅಂದಳು. "ನೀವು ಎಲ್ಲಿ ನೋಡಾಕತ್ತಿದ್ರಿ ಮಾವಾರ?"

"ಕಿಟಕಿ ಕಡೆ ನಿಂತಿದ್ದೆ."

"ಎಲ್ಲಿ ನಿಂತಿದ್ರಿ ಅಂತ ಅಲ್ಲ ಕೇಳಿದ್ದು."

"ನೆಲಾ ನೋಡಾಕತ್ತಿದ್ದೆ."

"ನಾ ನಿಮ್ಮನ್ನ ನೋಡಾಕತ್ತಿದ್ದೆ. ಈಗ ಹೇಳ್ತಾರ, ಈಗ ಹೇಳ್ತಾರ ಅಂತ. ನೀವು ದೊಡ್ಡವರು, ನಿಮ್ಮ ಹೆಸರು ನಾ ಹೆಂಗ ತಗೀಲಿ? ಅದಕ್ಕs ಸುಮ್ನಾದೆ."

ಮೊರವನ್ನು ಎರಡು ಸಲ ಜಾಡಿಸಿದಳು. ಮಾಂತೇಶ ನಿನ್ನೆ ಬಂದಿದ್ದನಂತೆ, ತಪ್ಪಾಯಿತು ಅಂದನಂತೆ.

"ಮನಿಗೆ ಬಂದು ತಪ್ಪಾತು ಅನ್ನೂದು ಸಲೀಸ ಐತಿ. ಅವರೂ ಅಂದ್ರು, ಈಗ ನೀವೂ ಅಂದ್ರಿ. ನನ್ನ ಅಂದಿದ್ದು ಎಲ್ಲಿ? ಅಲ್ಲೆ, ದವಾಖಾನ್ಯಾಗ. ಆ ಡಾಕ್ಟರಬಾಯಾರ ತೆಲ್ಯಾಗ ಈಗೂ ನಾನs ಅತ್ತೀನ ಕೊಲ್ಲಾಕ ನಿಂತಾಕಿ."

ಹಾಗಾದರೆ ಬರುವುದಿಲ್ಲವೇ ಎಂದು ಕೇಳಿದೆ. ದನಿ ಏರಿತು. ನನ್ನ ದನಿ ನನಗೇ ಕೇಳಿಸಿತು, ತಗ್ಗಿಸಿದೆ.

"ಹೊತ್ತಾತು. ನಿಮ್ಮ ಬಸ್ ಹೋಗತೈತಿ" ಅಂದಳು.

೫ ಫೆಬ್ರವರಿ, ಬುಧವಾರ

ಬಿ.ಪಿ. ೧೫೦/೯೦. ಇಳಿದಿದೆ, ಏನು ಮಾಡಿದ್ರಿ ಕಾಕಾ ಎಂದು ಕಾವೇರಿ ಸಿಸ್ಟರ್ ಕೇಳಿದಳು. ಏನೂ ಇಲ್ಲ ಅಂದೆ. ಮಾಡಿದ್ದು ಏನೂ ಇಲ್ಲ, ಖರೆ. ಕಳಕವ್ವ ಮನೆಗೆ ಬಂದಿದ್ದಾಳೆ. ಬಿಳಿ ಗುಳಿಗೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕಂತೆ, ಈ ಸಲ ಚೀಟಿಯ ಮೇಲೆ. ಮೊಣಕಾಲು ಮತ್ತೆ ಹಿಡಿದಿದೆ. ಮಂಗಳವಾರ ಹನ್ನೊಂದಕ್ಕೆ ತೋರಿಸಲು ಹೋಗಬೇಕು. ಕಾಲು ಒತ್ತುವವರು ಯಾರೂ ಇಲ್ಲ.

೬ ಫೆಬ್ರವರಿ, ಗುರುವಾರ

ಇವತ್ತು ಹಾಲು ಇಳಿಸಿದವನು ಸೀದಾ ಔಷಧದ ಅಂಗಡಿಗೆ ಹೋದೆ. ಐದಾರು ಜನ ನಿಂತಿದ್ದರು, ಹೋಟೆಲಿನವನೂ ಇದ್ದ. ಇದ್ದದ್ದು ಒಳ್ಳೆಯದಾಯಿತು. ಒಂಬತ್ತನೇ ತಾರೀಖು ಈ ಹುಡುಗಿಗೆ ನಾನು ಆಡಿದ ಮಾತು ತಪ್ಪು, ಅವಳು ಹೇಳಿದ್ದು ಸರಿ, ಕೇಳಿದ್ದರೆ ನನ್ನ ತಂಗಿ ಬೀಳುತ್ತಿರಲಿಲ್ಲ ಎಂದು ಅವರೆಲ್ಲರ ಮುಂದೆ ಹೇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೂ ನಿಲ್ಲುತ್ತಿದ್ದೆ ಎಂದು ಕಾಣುತ್ತದೆ. ಜಾಹ್ನವಿ ಆವತ್ತು ನೋಡಿದ್ದ ಹನ್ನೆರಡು ಪಟ್ಟಿಯ ಹೆಸರನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟಳು, ಯಾವುದು ಏತಕ್ಕೆ, ಯಾವುದನ್ನು ಒಮ್ಮೆಲೇ ಬಿಡಬಾರದು ಎಂದು. ಅದನ್ನು ಪಿನ್ನಿಗೆ ಸಿಕ್ಕಿಸಿದ್ದೇನೆ.

ಮನೆಗೆ ಬಂದು ಕುಳಿತು ಭಾಗ್ಯಾಳಿಗೆ ಕಾಗದ ಬರೆದೆ. ಮೊದಲು ಇಲ್ಲಿ ಬರೆದು, ನೋಡಿ ಬೇರೆ ಹಾಳೆಗೆ ಇಳಿಸಿ ಕಳಿಸುತ್ತೇನೆ. ಸಮೀವುಲ್ಲಾ ಮುಂಡರಗಿ ಬಸ್ಸಿನವನ ಕೈಗೆ ದಾಟಿಸುತ್ತಾನೆ.

"ಭಾಗ್ಯಾ,

ಸಕ್ರಪ್ಪ ಬರೆಯುವುದು. ಕ್ಷಮಿಸು ಎಂದು ಮೊದಲ ಸಾಲು ಬರೆದಿದ್ದೆ, ಹೊಡೆದು ಹಾಕಿದೆ. ಅದು ಕಾಗದದಲ್ಲಿ ಕಳಿಸುವ ಮಾತಲ್ಲ.

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಕಳಕವ್ವನನ್ನು ಗದಗದ ಆಸ್ಪತ್ರೆಗೆ ತೋರಿಸಲು ಒಯ್ಯುತ್ತೇವೆ. ಅದೇ ಡಾಕ್ಟರಬಾಯಿ ಇರುತ್ತಾಳೆ. ಮಾಂತೇಶ ಇರುತ್ತಾನೆ. ತೋರಿಸಿದ ಮೇಲೆ ಡಾಕ್ಟರನ್ನು ಆ ಹತ್ತು ಮಂಚದ ಕೋಣೆಗೇ ಕರೆಯುತ್ತೇನೆ; ಮಂಚದ ಜನ ಬೇರೆಯವರಿರಬಹುದು, ಆದರೆ ಕೋಣೆ ಅದೇ. ಒಂದೇ ಸಲಕ್ಕೆ ನಿಲ್ಲಿಸಿದ್ದು ಯಾರು ಎಂದು ಅವಳು ಆವತ್ತು ಕೇಳಿದ್ದಳು, ಅದಕ್ಕೆ ನಾನು ಉತ್ತರ ಕೊಡಬೇಕಾಗಿದೆ. ನಿಂತು, ಎಲ್ಲರಿಗೂ ಕೇಳುವಂತೆ ಕೊಡುತ್ತೇನೆ. ನೆಲ ನೋಡುವುದಿಲ್ಲ.

ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಆದರೆ ನಿನಗೆ ಕೇಳಿಸದಿದ್ದರೆ ಹೇಳಿದ್ದು ಅರ್ಧವೇ. ಆಸ್ಪತ್ರೆಯಿಂದ ಆಮೇಲೆ ಯಾವ ಬಸ್ಸು ಹತ್ತುತ್ತೀ, ಯಳವತ್ತಿಯದೋ ಮುಂಡರಗಿಯದೋ, ಅದನ್ನು ನಾನು ಕೇಳುವುದಿಲ್ಲ, ಮಾಂತೇಶನಿಗೂ ಕೇಳಗೊಡುವುದಿಲ್ಲ.

ಮಂಗಳವಾರ ಬರುತ್ತೀಯೋ ಇಲ್ಲವೋ, ಎರಡರಲ್ಲಿ ಒಂದು ಹೇಳಿ ಕಳಿಸು. ಫೆಬ್ರವರಿ ಒಂಬತ್ತು, ಭಾನುವಾರದೊಳಗೆ ಉತ್ತರ ಬೇಕು."